ಒಂಬತ್ತು ಜೇಬಿನ ಯಜಮಾನರು

ನಮ್ಮ ಮನೆಯಲ್ಲಿ ಇರುವವರು ಮೂರು ಜನ: ನಾನು, ನಮ್ಮವರು, ಮಗಳು. ನಮ್ಮವರನ್ನು ಕೇಳಿದರೆ ನಾಲ್ಕು ಎನ್ನುತ್ತಾರೆ. ಆ ನಾಲ್ಕನೆಯದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ, ತೋಳಿಲ್ಲದ, ಒಂಬತ್ತು ಜೇಬಿನ ಜಾಕೆಟ್. ಹಿರಿತನದಲ್ಲಿ ಅದು ನನಗಿಂತ ಮುಂದೆ. ನಾನು ಈ ಮನೆಗೆ ಬರುವ ಮೊದಲೇ ಅದು ಇವರ ಮೈಗೆ ಅಂಟಿಕೊಂಡಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಮಡಿಸಿ ಕಪಾಟಿನಲ್ಲಿಟ್ಟಿದ್ದೆ. ಇವರು ಇಡೀ ಮನೆ ಜಾಲಾಡಿ, ಕೊನೆಗೆ ಅದು ಸಿಕ್ಕಾಗ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದ ಮಗು ಸಿಕ್ಕಿದ ಹಾಗೆ ಎದೆಗೊತ್ತಿಕೊಂಡರು. ನನ್ನನ್ನು ಹಾಗೆ ಒತ್ತಿಕೊಂಡದ್ದು ನೆನಪಿಲ್ಲ. (ಹೋಗಲಿ ಬಿಡಿ, ಆ ವಿಷಯ ಈಗ ಬೇಡ.)

ಇವರ ಉದ್ಯೋಗ ಲಿಫ್ಟ್ ರಿಪೇರಿ. ಲಿಫ್ಟ್ ಓಡಾಡುವ ಆ ಆಳವಾದ ಕತ್ತಲೆಯಲ್ಲಿ ಒಂದು ಕೈ ಕಂಬಿ ಹಿಡಿದಿರುತ್ತದೆ, ಇನ್ನೊಂದು ಕೈ ಜೇಬಿಗೆ ಹೋದರೆ ಬೇಕಾದದ್ದೇ ಬೆರಳಿಗೆ ಸಿಗಬೇಕು. ಹಾಗಾಗಿ ಯಾವ ಜೇಬಿನಲ್ಲಿ ಯಾವ ವಸ್ತು ಎಂಬುದು ನಮ್ಮ ಮನೆಯ ಸಂವಿಧಾನ. ಟಾರ್ಚ್ ಬಲಗಡೆ ಮೇಲೆ, ಸ್ಕ್ರೂಡ್ರೈವರ್ ಅದರ ಕೆಳಗೆ. ಎಡಗಡೆ ಚಮಚ, ಹಲ್ಲುಜ್ಜುವ ಹಳೆಯ ಬ್ರಷ್ಷು. ಮಡಿಚುವ ಚಾಕು, ಸೀಟಿ, ಸೂಜಿದಾರದ ತಗಡಿನ ಡಬ್ಬಿ, ದಿಕ್ಸೂಚಿ ಇವಕ್ಕೂ ಖಾಯಂ ವಿಳಾಸಗಳಿವೆ. ಬೆನ್ನಿನ ಜೇಬಿನಲ್ಲಿ ಒಂದು ಸುತ್ತು ಹುರಿ. ಕಣ್ಣಿಗೆ ಮೋಸವಾಗಬಹುದು, ಕೈಗೆ ಆಗುವುದಿಲ್ಲ ಎಂಬುದು ಇವರ ಸಿದ್ಧಾಂತ.

ಲಿಫ್ಟಿಗೆ ದಿಕ್ಸೂಚಿ ಏಕೆ ಎಂದು ನೀವು ಕೇಳಬಹುದು. ಅದು ಭಾನುವಾರಕ್ಕೆ. ಭಾನುವಾರ ಬೆಳಿಗ್ಗೆ ಇವರು ಊರ ಹಿಂದಿನ ಗುಡ್ಡಕ್ಕೆ ಒಂದು ನಡಿಗೆಯ ಗುಂಪನ್ನು ಕರೆದುಕೊಂಡು ಹೋಗುತ್ತಾರೆ. ಗುಡ್ಡಕ್ಕೆ ಇರುವುದು ಒಂದೇ ದಾರಿ. ಹೋಗುವಾಗ ಹತ್ತಬೇಕು, ಬರುವಾಗ ಇಳಿಯಬೇಕು. ಆದರೂ ದಿಕ್ಸೂಚಿ. ಯಾರ ಚಪ್ಪಲಿ ಕಿತ್ತುಹೋದರೂ, ಯಾರ ಕಾಲಿಗೆ ಮುಳ್ಳು ಚುಚ್ಚಿದರೂ, ಗುಂಪಿನವರು ಹೇಳುವುದು ಒಂದೇ ಮಾತಂತೆ, ‘ಸರ್ ಹತ್ರ ಇರುತ್ತೆ’ ಅಂತ. ಆ ಮಾತು ಕಿವಿಗೆ ಬಿದ್ದ ದಿನ ಇವರಿಗೆ ಮಧ್ಯಾಹ್ನದ ಊಟ ಕೂಡ ಬೇಕಾಗುವುದಿಲ್ಲ. ಪ್ರತಿ ವಾರ ನನ್ನನ್ನೂ ಕರೆಯುತ್ತಿದ್ದರು. ನಾನು ಹೊದಿಕೆಯೊಳಗಿಂದಲೇ ‘ಮುಂದಿನ ವಾರ ನೋಡೋಣ’ ಎನ್ನುತ್ತಿದ್ದೆ. ಆ ಮುಂದಿನ ವಾರ ಬರದ ಹಾಗೆ ನೋಡಿಕೊಂಡಿದ್ದೆ.

ಇಷ್ಟೆಲ್ಲ ಸಹಿಸಿಕೊಂಡೆ. ಸಹಿಸಲಾಗದಿದ್ದದ್ದು ವಾಸನೆ. ಆ ಜಾಕೆಟ್ ಸೋಪು ಕಂಡದ್ದನ್ನು ನಾನಂತೂ ನೋಡಿಲ್ಲ. ಒಗೆದರೆ ಬಟ್ಟೆಯ ಹದ ಕೆಡುತ್ತದೆ, ಹದ ಕೆಟ್ಟರೆ ನಂಬಿಕೆ ಹೋಗುತ್ತದೆ ಎಂದು ಇವರ ವಾದ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂರುವವಳು. ಒಂದು ಸಂಜೆ ಇವರು ನನ್ನನ್ನು ಕರೆದೊಯ್ಯಲು ಬಂದು ಬೆಂಚಿನ ಮೇಲೆ ಕೂತರು. ದವಡೆ ಊದಿ, ಪ್ರಪಂಚವೇ ಬೇಡವೆಂದು ಕಣ್ಣು ಮುಚ್ಚಿ ಕೂತಿದ್ದ ರೋಗಿಯೊಬ್ಬರು ಎದ್ದು ದೂರದ ಕುರ್ಚಿಗೆ ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಒಳಗಿಂದ ಬಂದು ಮೂಗು ಅರಳಿಸಿ, ಚರಂಡಿ ಕಟ್ಟಿಕೊಂಡಿದೆಯಾ ನೋಡಿಸಿ ಎಂದು ನನಗೇ ಹೇಳಿದರು. ನಾನು ನೋಡಿಸುತ್ತೇನೆ ಎಂದೆ. ಆ ಚರಂಡಿಯ ಜೊತೆಯಲ್ಲೇ ಮನೆಗೆ ನಡೆದೆ.

ಸುಯೋಗವೆಂಬಂತೆ ಮರುದಿನವೇ ಇವರಿಗೆ ನೆಗಡಿ, ಜ್ವರ. ಮಾತ್ರೆ ನುಂಗಿ ಮೈಮರೆತು ಮಲಗಿದರು. ಮೂಗು ಪೂರ್ತಿ ಕಟ್ಟಿತ್ತು. ಇಂಥ ಮುಹೂರ್ತ ಮತ್ತೆ ಬರುವುದಿಲ್ಲವೆಂದು ನಾನು ರಜೆ ಹಾಕಿದೆ. (ಗಂಡನ ಆರೈಕೆಗೆ ಎಂದು ಡಾಕ್ಟರಿಗೆ ಹೇಳಿದ್ದೆ. ಪೂರ್ತಿ ಸುಳ್ಳಲ್ಲ.) ಜಾಕೆಟ್ಟನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಜೇಬುಗಳನ್ನು ಒಂದೊಂದಾಗಿ ಖಾಲಿ ಮಾಡಿ, ವಸ್ತುಗಳನ್ನು ಅದೇ ಕ್ರಮದಲ್ಲಿ ಹಳೆಯ ಪೇಪರಿನ ಮೇಲೆ ಜೋಡಿಸಿಟ್ಟೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಮೊದಲ ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗಿತು, ಎರಡನೆಯದು ಡಾಂಬರಿನ ಬಣ್ಣಕ್ಕೆ. ಛಲ ಬಂದು ನೀರು ಕುದಿಸಿ ಸುರಿದೆ. ಜಾಕೆಟ್ ಒಮ್ಮೆ ಗುಳುಗುಳು ಎಂದು ಸುಮ್ಮನಾಯಿತು. ತಾರಸಿಯ ಬಿಸಿಲಿಗೆ ಹಾಕಿ ಸಂಜೆ ತೆಗೆಯಲು ಹೋದೆ. ಇಷ್ಟು ವರ್ಷ ಕಂದು ಎಂದು ನಾನು ನಂಬಿದ್ದ ಜಾಕೆಟ್ ಹಸಿರು. ಇನ್ನೇನು ಮಾಡುವುದು? ಪುದೀನದ ಕುಂಡದಿಂದ ಮಣ್ಣು ತಂದೆ, ಮಗಳ ಸೈಕಲ್ ಚೈನಿನ ಎಣ್ಣೆ ತಂದೆ, ಎರಡನ್ನೂ ಕಲಸಿ ಸಮನಾಗಿ ತಿಕ್ಕಿದೆ. ಬೆಳಿಗ್ಗೆಯೆಲ್ಲ ಕೊಳೆ ತೆಗೆದು ಸಂಜೆಯೆಲ್ಲ ಕೊಳೆ ಹಚ್ಚಿದ ಗೃಹಿಣಿ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ಅದನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಕುರ್ಚಿಯ ಹಿಂದೆ ನಿಂತು, ಎಡಗಡೆಯದನ್ನು ಎಡಕ್ಕೆ, ಬಲಗಡೆಯದನ್ನು ಬಲಕ್ಕೆ ತುಂಬಿಸಿ ಮೊಳೆಗೆ ಸಿಕ್ಕಿಸಿದೆ.

ಎರಡು ದಿನ ಕಳೆದು ಜ್ವರ ಬಿಟ್ಟಿತು, ಇವರು ಕೆಲಸಕ್ಕೆ ಹೊರಟರು. ಮೆಟ್ಟಿಲ ಹತ್ತಿರದ ಬಲ್ಬು ಹೋಗಿತ್ತು. ಇವರ ಕೈ ತಾನಾಗಿ ಬಲಗಡೆಯ ಮೇಲಿನ ಜೇಬಿಗೆ ಹೋಗಿ ಒಂದು ವಸ್ತುವನ್ನು ಹೊರತೆಗೆದು ಕತ್ತಲೆಯ ಕಡೆಗೆ ಹಿಡಿಯಿತು. ಚಮಚ. ಇವರು ಆ ಚಮಚವನ್ನು ಬಹಳ ಹೊತ್ತು ನೋಡಿದರು. ನಂತರ ಹಣೆ ಮುಟ್ಟಿಕೊಂಡು ಮೆಟ್ಟಿಲಿಳಿದು ಹೋದರು.

ಸಂಜೆ ಬಂದಾಗ ಮುಖ ಇಳಿದಿತ್ತು. ಸ್ಕ್ರೂಡ್ರೈವರ್ ಎಂದು ತೆಗೆದರೆ ಹಲ್ಲುಜ್ಜುವ ಬ್ರಷ್ಷು ಬಂದಿತಂತೆ, ಕೆಳಗೆ ನಿಂತಿದ್ದವರು ನಕ್ಕರಂತೆ.

“ಕೈ ಮರೀತಾ ಇದೆ ಕಣೇ,” ಎಂದರು. “ವಯಸ್ಸಾಯ್ತೇನೋ.”

ಆಗಲೇ ನಿಜ ಹೇಳಬೇಕಿತ್ತು. ಆದರೆ ಆ ಮಣ್ಣು, ಆ ಚೈನಿನ ಎಣ್ಣೆ ಎಲ್ಲವನ್ನೂ ವಿವರಿಸುವ ಧೈರ್ಯ ಬರಲಿಲ್ಲ. ಚಹಾ ಮಾಡಿ ತಂದುಕೊಟ್ಟು ಪಕ್ಕದಲ್ಲಿ ಕೂತೆ. ಅಡುಗೆಮನೆಗೆ ಬಂದ ಮಗಳಿಗೆ ಗುಟ್ಟಾಗಿ ಎಲ್ಲ ಹೇಳಿದೆ. ಅವಳು ತಲೆ ತಲೆ ಚಚ್ಚಿಕೊಂಡಳು.

“ಅಮ್ಮಾ, ತೆಗೀವಾಗ ಅದರ ಎದುರು ನಿಂತಿದ್ದೆ, ತುಂಬುವಾಗ ಹಿಂದೆ ನಿಂತಿದ್ದೆ. ಎಡ ಎಲ್ಲ ಬಲ ಆಗಿದೆ, ಅಷ್ಟೇ. ಅಪ್ಪನ ತಲೆ ಸರಿಯಾಗೇ ಇದೆ.”

ಎದೆ ಹಗುರವಾಯಿತು. ಇವರು ಸ್ನಾನಕ್ಕೆ ಹೋದ ಸಮಯ ನೋಡಿ ಎಲ್ಲವನ್ನೂ ಹಳೆಯ ಜಾಗಗಳಿಗೆ ಸೇರಿಸಿದೆ. ನಾಳೆಯಿಂದ ಸಂವಿಧಾನ ಮತ್ತೆ ಜಾರಿಗೆ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಂದು ಪಾರ್ಸೆಲ್ ಬಂತು. ಅದರ ದಾರ ಕತ್ತರಿಸಲು ಚಾಕು ತೆಗೆಯುತ್ತೇನೆಂದು ಇವರು ಜೇಬಿಗೆ ಕೈ ಹಾಕಿದರು. ಸೀಟಿ ಬಂತು. ಇನ್ನೊಂದಕ್ಕೆ ಹಾಕಿದರು. ದಿಕ್ಸೂಚಿ ಬಂತು. ಜೇಬುಗಳೆಲ್ಲ ಸರಿಯಾಗಿದ್ದವು, ನಾನೇ ಸರಿಮಾಡಿದ್ದೆ. ತಪ್ಪಿದ್ದು ಇವರ ಕೈ. ಮಗಳು ಏನೋ ಹೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಸುಮ್ಮನಾದಳು. ಅವಳಿಗೂ ಹೆದರಿಕೆಯಾಗಿದೆ ಎಂದು ನಾನು ತಿಳಿದೆ.

ಅಂದಿನಿಂದ ನಾನು ಬೇರೆಯೇ ಹೆಂಗಸಾದೆ. ಬೆಳಿಗ್ಗೆ ಬಿಸಿ ಬಿಸಿ ತಿಂಡಿ. ಟೀವಿಯ ರಿಮೋಟು ಇವರ ಕೈಗೆ. ಇವರು ಅಂಗಡಿಯಿಂದ ಹೊಸ ಹಗ್ಗದ ಸುರುಳಿ ತಂದು ನನ್ನ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟರೂ ಗಂಟಲಿಗೆ ಬಂದ ಮಾತನ್ನು ನುಂಗಿದೆ. ಇವರೂ ಬದಲಾದರು. ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು, ‘ನನ್ನ ಕನ್ನಡಕ ಎಲ್ಲಿದೆ ನೋಡ್ತೀಯಾ’ ಎಂದು ಮೆಲ್ಲಗೆ ಕೇಳುವುದು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಎಷ್ಟು ವರ್ಷ ಬೈದಿದ್ದೇನೆ ಆ ಜೇಬುಗಳನ್ನು! ಅವುಗಳ ಜೊತೆ ಈ ಮನುಷ್ಯನ ನೆನಪನ್ನೂ ಒಗೆದು ಚರಂಡಿಗೆ ಬಿಟ್ಟೆನಲ್ಲ ಎಂದು ಸಂಕಟವಾಯಿತು. ಕ್ಲಿನಿಕ್ಕಿನಲ್ಲಿ ಡಾಕ್ಟರನ್ನು ಇವರ ಮರೆವಿನ ಬಗ್ಗೆ ಕೇಳಿದರೆ, ತನಗೆ ತಿಳಿದಿರುವುದು ಹಲ್ಲು ಮಾತ್ರ, ಅಗಿಯುವುದನ್ನು ಮರೆತರೆ ಕಳಿಸಿ ಎಂದರು.

ಭಾನುವಾರ ಬಂತು. ಇವರೊಬ್ಬರನ್ನೇ ಗುಡ್ಡಕ್ಕೆ ಕಳಿಸುವುದು ಹೇಗೆ? ನಾನು ಹೊದಿಕೆ ಒದ್ದು ಎದ್ದೆ. ನನ್ನ ಬ್ಯಾಗಿನಲ್ಲಿ ಇನ್ನೊಂದು ಟಾರ್ಚು, ಇನ್ನೊಂದು ಚಾಕು, ಇನ್ನೊಂದು ಸೂಜಿ, ಎಲ್ಲದರ ಜೋಡಿ ತುಂಬಿಕೊಂಡು ಹೊರಟೆ. ಗುಂಪಿನವರೆಲ್ಲ ನನ್ನನ್ನು ಕಂಡು ಅತಿಯಾಗಿ ಸಂತೋಷಪಟ್ಟರು. ಅದರಲ್ಲೂ ಒಬ್ಬರು ನಿವೃತ್ತ ಕ್ಯಾಷಿಯರ್, ನಾಯಕತ್ವದ ಮೇಲೆ ಬಹಳ ದಿನದಿಂದ ಕಣ್ಣಿಟ್ಟವರು ಎಂದು ಇವರೇ ಹೇಳುತ್ತಿದ್ದರು. ಅರ್ಧ ದಾರಿಯಲ್ಲಿ ಆ ಕ್ಯಾಷಿಯರ ಕಾಲಿಗೇ ಮುಳ್ಳು ಚುಚ್ಚಿತು. ಸೂಜಿ ಕೇಳಿದರು. ಇವರು ಹುಡುಕಿ ಹುಡುಕಿ, ಕೊನೆಗೆ ಗಂಭೀರವಾಗಿ ದಿಕ್ಸೂಚಿ ಕೊಟ್ಟರು. ಎಲ್ಲರೂ ಬೇರೆ ಕಡೆ ನೋಡಿದರು. ನಾನು ಓಡಿಹೋಗಿ ನನ್ನ ಬ್ಯಾಗಿನಿಂದ ಸೂಜಿ ಕೊಟ್ಟೆ. ಕ್ಯಾಷಿಯರು ನನ್ನ ಮುಖ ನೋಡದೆ ಮುಳ್ಳು ತೆಗೆದುಕೊಂಡರು. ಪಾಪ, ನೋವಿಗೆ ಅವರ ಭುಜ ಅಲುಗುತ್ತಿತ್ತು.

ಗುಡ್ಡದ ತುದಿ ತಲುಪಿದ ಮೇಲೆ ಇವರು ಎಲ್ಲರಿಂದ ದೂರ ಒಂದು ಬಂಡೆಯ ಮೇಲೆ ಹೋಗಿ ಕೂತರು. ನಾನು ಪಕ್ಕದಲ್ಲಿ ಕೂತೆ. ಕೆಳಗೆ ಊರು, ಇವರು ರಿಪೇರಿ ಮಾಡಿದ ಎತ್ತರದ ಕಟ್ಟಡಗಳು, ಎಲ್ಲ ಕಾಣುತ್ತಿದ್ದವು.

“ಇವತ್ತಿಗೆ ಗುಂಪಿನ ಜವಾಬ್ದಾರಿ ಬಿಟ್ಟುಬಿಡ್ತೀನಿ,” ಎಂದರು. “ಕೈಯನ್ನೇ ನಂಬೋಕೆ ಆಗದವನು ಜನರನ್ನ ಕರ್ಕೊಂಡು ಬರಬಾರದು.”

ನನಗೆ ತಡೆಯಲಾಗಲಿಲ್ಲ. ‘ಸರ್ ಹತ್ರ ಇರುತ್ತೆ’ ಎಂಬ ಆ ಒಂದು ಮಾತಿಗಾಗಿ ವಾರವಿಡೀ ಕಾಯುವ ಮನುಷ್ಯ ಇದು. ಅಳುತ್ತಲೇ ಹೇಳಿದೆ.

“ರೀ, ನಿಮ್ಮ ಕೈಗೂ ಏನೂ ಆಗಿಲ್ಲ, ತಲೆಗೂ ಏನೂ ಆಗಿಲ್ಲ. ನಾನು ಪಾಪಿ. ನಿಮಗೆ ಜ್ವರ ಬಂದ ದಿನ ಆ ಜಾಕೆಟ್ ಒಗೆದುಬಿಟ್ಟೆ.”

“ಗೊತ್ತು,” ಎಂದರು.

ನಾನು ಅಳುವುದನ್ನು ನಿಲ್ಲಿಸಿದೆ.

“ಚಮಚ ಕೈಗೆ ಬಂದಾಗ ನಿಜವಾಗ್ಲೂ ಗಾಬರಿ ಆಯ್ತು, ಸುಳ್ಳು ಹೇಳಲ್ಲ. ಕೆಳಗೆ ಹೋಗಿ ಗುಂಡಿ ಹಾಕೋಕೆ ನೋಡಿದ್ರೆ ಈ ಕಡೆಯದು ಆ ಕಡೆಗೆ ಮುಟ್ಟಲೇ ಇಲ್ಲ. ಕುಗ್ಗಿ ಹೋಗಿದೆ. ಜೇಬಲ್ಲಿ ಪುದೀನದ ಬೇರು ಬೇರೆ ಸಿಕ್ತು. ಸಂಜೆ ಬಂದು ನಿನ್ನನ್ನ ಸ್ವಲ್ಪ ಆಟ ಆಡಿಸಿ ಹೇಳಿಬಿಡೋಣ ಅಂತಿದ್ದೆ. ಅಷ್ಟರಲ್ಲಿ ನೀನು ಚಹಾ ತಂದು ಪಕ್ಕದಲ್ಲಿ ಕೂತೆ. ಸರಿ, ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಬಿಸಿ ತಿಂಡಿ ಬಂತು.”

“ಮಗಳಿಗೆ ಗೊತ್ತಾ?”

“ಎರಡನೇ ದಿನದಿಂದ.”

“ನಾನು ಬಚ್ಚಲಲ್ಲಿ ಕೂತು ಅತ್ತಿದೀನಿ ರೀ.”

ಇವರ ಮುಖ ನಿಜವಾಗಿಯೂ ಸಣ್ಣದಾಯಿತು. ಅದು ಗೊತ್ತಿರಲಿಲ್ಲ, ತಪ್ಪಾಯ್ತು ಎಂದರು. ಊರಿನ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದರು: “ಎಷ್ಟು ವರ್ಷದಿಂದ ಕರೀತಾ ಇದ್ದೆ, ಒಂದು ಸಲ ಬಾ, ಇಲ್ಲಿಂದ ನೋಡೋಕೆ ಚೆನ್ನಾಗಿರುತ್ತೆ ಅಂತ. ಚೆನ್ನಾಗಿದ್ದಾಗ ಕರೆದ್ರೆ ಬರಲಿಲ್ಲ. ಮರೆವು ಬಂತು ಅಂದ ಮೇಲೆ ಬಂದೆ.”

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. ಹಾಗಾದರೆ ಗುಂಪು ಬಿಡುವ ಮಾತೂ ನಾಟಕವೋ ಎಂದು ದಬಾಯಿಸಿದೆ. ಇವರು ಎದ್ದು ನಿಂತು ಜಾಕೆಟ್ ಕಳಚಿದರು.

“ಅದು ಮಾತ್ರ ನಿಜ. ಇದು ನನಗೆ ಇನ್ನು ಹಿಡಿಸಲ್ಲ. ಯಾರಿಗೆ ಹಿಡಿಸುತ್ತೋ ಅವರದೇ ಗುಂಪು.”

ಹಾಗೆನ್ನುತ್ತಲೇ ನನ್ನ ಹೆಗಲಿಗೆ ಹಾಕಿ ಕೆಳಗಿನಿಂದ ಮೇಲಿನವರೆಗೆ ಗುಂಡಿ ಹಾಕಿದರು. ಏನು ಹೇಳಲಿ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಹಿಂದೆ ಯಾರೋ ಕೆಮ್ಮಿದ ಸದ್ದಾಯಿತು. ತಿರುಗಿ ನೋಡಿದರೆ ಇಡೀ ಗುಂಪು ಸಾಲಾಗಿ ನಿಂತಿದೆ, ಕ್ಯಾಷಿಯರು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾರೆ.

“ಇಳಿಯೋಣ್ವಾ ಮೇಡಂ?” ಎಂದು ಅವರು ಕೇಳಿದರು. “ನಿಮ್ಮ ಯಜಮಾನರು ಮೊನ್ನೆಯೇ ಫೋನ್ ಮಾಡಿ ಹೇಳಿದ್ರು. ನಾವೆಲ್ಲ ಒಪ್ಪಿದೀವಿ.”

ಅಂದರೆ ಇಡೀ ಗುಂಪಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ನಾನು ಬಿರಬಿರನೆ ಇಳಿಯತೊಡಗಿದೆ. ಒಂಬತ್ತು ಜೇಬುಗಳೂ ಠಣಠಣ ಎಂದು ನನ್ನ ಪಕ್ಕೆಗೆ ಬಡಿಯುತ್ತಿದ್ದವು. ಹೆಗಲಲ್ಲಿ ಜೋಡಿ ಸಾಮಾನಿನ ಬ್ಯಾಗು ಬೇರೆ. ಹಿಂದೆ ಹೆಜ್ಜೆಗಳು ನನ್ನನ್ನು ಹಿಡಿಯಲು ಓಡುತ್ತಿದ್ದವು. ನಾನು ಒಮ್ಮೆಯೂ ತಿರುಗಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ಬುಡದಲ್ಲಿ ನಿಂತು ಉಸಿರು ಬಿಟ್ಟಾಗ ಎಲ್ಲರೂ ಬೆವರೊರೆಸಿಕೊಂಡು ಬಂದು ಸುತ್ತ ನೆರೆದರು. ಗುಂಪು ಹುಟ್ಟಿದ ಮೇಲೆ ಇಷ್ಟು ಬೇಗ ಯಾರೂ ಗುಡ್ಡ ಇಳಿಸಿರಲಿಲ್ಲವಂತೆ. ಇಂಥ ಶಿಸ್ತು ಬೇಕಿತ್ತು, ಇನ್ನು ಮೇಡಮ್ಮೇ ಖಾಯಂ ಎಂದು ಕ್ಯಾಷಿಯರು ಘೋಷಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮವರು. ಎರಡೂ ಕೈ ಖಾಲಿಯಿದ್ದವಲ್ಲ.