ರೇಸಿನ ಬಯಲಲ್ಲಿ ಟವೆಲ್ ಹಾಕಿದ ಕುರ್ಚಿ

ಮನೆಗೆ ಬೀಗ ಹಾಕಿ ನಾನು ಬೀದಿಗೆ ಇಳಿದ್ರೆ ಸಾಕು, ಏನಾದ್ರೊಂದು ಎಡವಟ್ಟು ಆಗೇ ಆಗುತ್ತೆ. ಮೊದಲೆಲ್ಲ ಅದನ್ನ ಹೇಳ್ಕೊಂಡು ನಗೋಕೆ ನಮ್ಮನೆಯವ್ರಿದ್ರು. ಅವ್ರು ತೀರ್ಕೊಂಡು ವರ್ಷ ತುಂಬಿತು. ಎಡವಟ್ಟುಗಳೇನೋ ಹಾಗೇ ನಡೀತಾ ಇವೆ, ಕೇಳೋರು ಇಲ್ಲ. ಅದಕ್ಕೇ ನಿಮ್ಮ ಹತ್ರ ಹೇಳ್ತಿದೀನಿ.

ನಾನು ಮಳವಳ್ಳಿಯ ಒಂದು ಸ್ಕೂಲಲ್ಲಿ ಹೊಲಿಗೆ ಮೇಡಮ್ಮು. ನಮ್ಮನೆಯವ್ರಿಗೆ ಹಳೇ ಕಾರಿನ ಹುಚ್ಚು. ಸ್ವಂತ ಕಾರು ಅಂತ ಒಂದು ದಿನಾನೂ ಇಟ್ಟವ್ರಲ್ಲ. ಇದ್ದದ್ದು ಒಂದು ಸ್ಕೂಟರು, ಅದನ್ನೂ ಓಡಿಸಿದ್ದಕ್ಕಿಂತ ನಾವಿಬ್ಬರೂ ತಳ್ಳಿದ್ದೇ ಜಾಸ್ತಿ. ಆದ್ರೆ ವರ್ಷಕ್ಕೊಂದು ಸಲ, ಮದ್ದೂರು ದಾಟಿ ಮಂಡ್ಯ ಕಡೆ ಹೋಗೋ ದಾರೀಲಿ ಒಂದು ಬಯಲಲ್ಲಿ ಹಳೇ ಕಾರುಗಳ ರೇಸು ನಡೆಯುತ್ತೆ. ಅದಕ್ಕೆ ಮಾತ್ರ ಮದುವೆಗೆ ಹೋಗೋರ ಥರ ಇಸ್ತ್ರಿ ಶರ್ಟು ಹಾಕ್ಕೊಂಡು ಹೊರಡೋರು. ಚಿತ್ರಾನ್ನದ ಡಬ್ಬಿ ಹಿಡ್ಕೊಂಡು ನಾನು ಹಿಂದೆ. ಕಾರಿನ ವಿಷಯದಲ್ಲಿ ನನಗೆ ಗೊತ್ತಿರೋದು ಮುಂದೆ ಯಾವುದು, ಹಿಂದೆ ಯಾವುದು, ಅಷ್ಟೇ.

ಈ ಸಲ ಒಬ್ಳೇ ಹೋದೆ. ಭಾನುವಾರ ಆ ಮನೇಲಿ ಸುಮ್ನೆ ಕೂರೋಕಾಗ್ದೆ ಹೋದೆ.

ಹೊರಟ ಬಸ್ಸು ನಿಂತಿದ್ದು

ಮಳವಳ್ಳಿ ಬಸ್‌ಸ್ಟ್ಯಾಂಡಲ್ಲಿ ಮದ್ದೂರು ಬಸ್ಸಿಗೆ ನೂಕುನುಗ್ಗಲು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ಯಾವಾಗ್ಲೂ ನಮ್ಮನೆಯವ್ರ ಕೆಲಸ. ಅವ್ರ ಟವೆಲ್ಲೇ ಬ್ಯಾಗಲ್ಲಿತ್ತು, ನಾನೇ ಎಸೆದೆ. ಇಬ್ಬರು ಕೂರೋ ಸೀಟಿನ ಮೇಲೆ ಸರಿಯಾಗಿ ಬಿತ್ತು. ಹತ್ತಿ ಕಿಟಕಿ ಪಕ್ಕ ಕೂತೆ. ಟವೆಲ್ಲನ್ನ ಪಕ್ಕದ ಸೀಟಿನ ಮೇಲೆ ಹಾಗೇ ಬಿಟ್ಟೆ.

ಬಸ್ಸು ಹೊರಟಿತು. ಕಂಡಕ್ಟ್ರು ಬಂದ. "ಎಲ್ಲಿಗಮ್ಮ?"

"ಮದ್ದೂರು. ಒಂದು ಲೇಡೀಸು, ಒಂದು ಜೆಂಟ್ಸು" ಅಂದೆ. ಇಷ್ಟು ವರ್ಷದ ಅಭ್ಯಾಸ ನೋಡಿ, ತಾನಾಗೇ ಬಂತು.

"ಜೆಂಟ್ಸು ಎಲ್ಲವ್ರೆ?" ಅಂತ ಅವನು ಟವೆಲ್ ನೋಡಿದ.

ನಾನೂ ಟವೆಲ್ ನೋಡಿದೆ. ಅವನು ತಾನೇ ಏನೋ ಅರ್ಥ ಮಾಡ್ಕೊಂಡು ವಿಷಲ್ ಊದಿದ. "ಏಯ್ ನಿಲ್ಸಲಾ! ಒಬ್ರು ಯಜಮಾನ್ರು ಕೆಳಗೇ ಉಳ್ಕೊಂಡವ್ರೆ!"

ಬಸ್ಸು ನಿಂತಿತು. ಬಸ್ಸಿನ ಜನವೆಲ್ಲ ಕಿಟಕಿಯಿಂದ ತಲೆ ಹಾಕಿ ನಮ್ಮನೆಯವ್ರನ್ನ ಹುಡುಕಿದ್ರು. "ಬೀಡಿ ತರಕೆ ಓಗಿರ್ತಾರೆ ಬುಡು" ಅಂದ ಒಬ್ಬ. ಅವ್ರು ಬೀಡಿ ಸೇದೋರಲ್ಲ ಅಂತ ಅವನ ಜೊತೆ ಜಗಳಕ್ಕೇ ಎದ್ದಿದ್ದೆ, ಹೆಂಗೋ ತಡ್ಕೊಂಡೆ.

ಕೊನೆಗೆ "ಇಲ್ಲಪ್ಪ, ಅವ್ರು ಮೊದಲ್ನೇ ಬಸ್ಸಿಗೇ ಮದ್ದೂರಿಗೆ ಹೋಗ್ಬುಟ್ರು" ಅಂತ ಸುಳ್ಳು ಹೇಳಿದೆ. ತೀರ್ಕೊಂಡ್ರು ಅನ್ನೋ ಮಾತನ್ನ ನಾನು ಅವತ್ತಿನವರೆಗೂ ಯಾರ ಮುಂದೇನೂ ಬಾಯಿಬಿಟ್ಟು ಹೇಳಿರ್ಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳೋ ಪ್ರಮೇಯವೇ ಬಂದಿರ್ಲಿಲ್ಲ.

"ನಿಮ್ಮನ್ನ ಬುಟ್ಟು ಒಬ್ರೇ ಒಂಟೋದ್ರಾ? ಎಂಥಾ ಗಂಡಸಮ್ಮ! ಸಿಕ್ಲಿ, ನಾಕು ಮಾತು ಸರ್ಯಾಗಿ ಕೇಳಿ."

"ಸಿಕ್ಲಿ, ಕೇಳ್ತೀನಿ" ಅಂದೆ. ಕೇಳೋದು ಬೇಜಾನ್ ಇದೆ.

ಟವೆಲ್ಲಿನ ಮರ್ಯಾದೆ

ಬಯಲಲ್ಲಿ ಶಾಮಿಯಾನ ಹಾಕಿ ಪ್ಲಾಸ್ಟಿಕ್ ಕುರ್ಚಿ ಜೋಡಿಸಿದ್ರು. ಒಂದರಲ್ಲಿ ಕೂತು ಪಕ್ಕದ್ದಕ್ಕೆ ಟವೆಲ್ ಹಾಕಿದೆ. ಯಾಕೆ ಹಾಕಿದೆ ಅಂತ ಕೇಳ್ಬೇಡಿ, ಕೈ ಹಾಕ್ತು.

ಬಂದೋರೆಲ್ಲ ಕೇಳೋದು ಒಂದೇ. "ಇಲ್ಲಿ ಯಾರಾದ್ರೂ ಬತ್ತಾರಾ?"

"ಹೂಂ, ಬತ್ತಾರೆ."

ಸರಿ ಅಂತ ಮುಂದೆ ಹೋಗೋರು. ನಮ್ಮ ಕಡೆ ದೇವಸ್ಥಾನದ ಮುಂದೆ ಕೈ ಮುಗೀದೆ ಹೋಗೋರು ಸಿಗ್ತಾರೆ, ಟವೆಲ್ ಎತ್ತಿ ಕೂರೋರು ಸಿಗಲ್ಲ. ಹಿಂಗಾಗಿ ಸುತ್ತ ಎಲ್ಲ ಕುರ್ಚಿ ತುಂಬಿ ಗಲಗಲ ಅಂತಿತ್ತು, ನನ್ನ ಪಕ್ಕ ಮಾತ್ರ ಖಾಲಿ. ಅಷ್ಟು ಜನರ ಮಧ್ಯೆ ನನಗೆ ಅಳು ಬರೋ ಹಾಗಾಯ್ತು.

ಕಾರುಗಳು ಒಂದೊಂದಾಗಿ ಬಂದು ನಿಂತವು. ಹಸಿರು, ಹಳದಿ, ಆಮೇಲೆ ನಮ್ಮನೆಯವ್ರು ಪ್ರತಿ ಸಲ ಹತ್ರ ಹೋಗಿ ನೋಡ್ತಿದ್ದ ಉದ್ದ ಮೂತಿಯ ಕೆಂಪು ಕಾರು. "ನೋಡ್ರಿ, ನಿಮ್ಮ ಕೆಂಪು ಕಾರಿಗೆ ಈ ಸಲ ಬಣ್ಣ ಹೊಡೆಸವ್ರೆ" ಅಂದೆ.

ಮುಂದಿನ ಸಾಲಿನ ಗಂಡಸು ತಿರುಗಿದ. "ನನಗಾ ಅಮ್ಮ ಹೇಳಿದ್ದು?"

"ನಿಮಗಲ್ಲ, ಇವ್ರಿಗೆ" ಅಂತ ಪಕ್ಕದ ಕುರ್ಚಿ ತೋರಿಸಿದೆ.

ಅವನು ಟವೆಲ್ ನೋಡಿದ, ನನ್ನ ನೋಡಿದ, ಸದ್ದಿಲ್ಲದೆ ತನ್ನ ಕುರ್ಚಿನ ಎರಡು ಗೇಣು ಮುಂದಕ್ಕೆ ಎಳ್ಕೊಂಡ.

ತಳ್ರಲಾ!

ಆ ರೇಸಲ್ಲಿ ಒಂದು ಬಿಳೀ ಗುಂಡು ಕಾರು ಬರುತ್ತೆ. ಪ್ರತಿ ಸಲ ಎಲ್ಲಕ್ಕಿಂತ ಕೊನೇಗೆ ಬರೋದು ಅದೇ. ನಮ್ಮನೆಯವ್ರು ಗೆದ್ದ ಕಾರಿಗೆ ಚಪ್ಪಾಳೆ ತಟ್ಟಿದ್ದು ನಾ ಕಾಣೆ, ಇದಕ್ಕೆ ಮಾತ್ರ ಎದ್ದು ನಿಂತು ತಟ್ಟೋರು. ಈ ಸಲ ಅದು ಗೆರೆಗೆ ನಾಲ್ಕು ಮಾರು ಇರೋವಾಗ ಕೆಮ್ಮಿ, ಹೊಗೆ ಬಿಟ್ಟು, ನಿಂತೋಯ್ತು.

ನಮ್ಮ ಸೀಮೆ ಜನಕ್ಕೆ ನಿಂತ ಗಾಡಿ ಕಂಡ್ರೆ ಕೈ ಸುಮ್ನಿರಲ್ಲ. ಬಸ್ಸಾಗ್ಲಿ, ಕಬ್ಬಿನ ಟ್ರ್ಯಾಕ್ಟರಾಗ್ಲಿ, ಯಾರದು ಎತ್ತ ಅಂತ ಕೇಳ್ದೆ ತಳ್ಳೋದೇ. "ತಳ್ರಲಾ!" ಅಂತ ಒಬ್ಬ ಕೂಗಿದ್ದೇ ತಡ, ಜನ ಹಗ್ಗ ಹಾರಿ ನುಗ್ಗಿದ್ರು. ನಾನೂ ಸೆರಗು ಸಿಕ್ಕಿಸ್ಕೊಂಡು ನುಗ್ಗಿದೆ. ನನ್ನ ಪಕ್ಕದಲ್ಲಿ ಬುರ್ಕಾ ಹಾಕಿದ್ದ ಒಬ್ರು ಹೆಂಗಸೂ ತಳ್ತಿದ್ರು. ಮದ್ದೂರಿನವ್ರಂತೆ, ಆ ಕಾರು ರಿಪೇರಿ ಮಾಡಿದ ಮೆಕ್ಯಾನಿಕ್ಕಿನ ಹೆಂಡ್ತಿಯಂತೆ. "ನಮ್ಮವ್ರು ರಿಪೇರಿ ಮಾಡಿದ್ ಮೇಲೆ ನಾನು ತಳ್ಳೋದು ಇದ್ದಿದ್ದೇ ಅಕ್ಕ" ಅಂದ್ರು ಏದುಸಿರಲ್ಲೇ.

ಡ್ರೈವರು "ಮುಟ್ಟಬೇಡಿ, ರೂಲ್ಸಿಲ್ಲ, ಮುಟ್ಟಬೇಡಿ" ಅಂತ ಒಳಗೆ ಬಡ್ಕೊಳ್ತಿದ್ದ. ಯಾರು ಕೇಳ್ತಾರೆ? ಗೆರೆ ದಾಟಿಸಿದ್ವಿ. ಅಲ್ಲಿಗಾದ್ರೂ ಬಿಡಬೇಕಲ್ಲ? ಒಂದು ಸಲ ಕೈ ಇಟ್ಟ ಮೇಲೆ ಸ್ಟಾರ್ಟ್ ಆಗೋವರ್ಗೂ ಬಿಡಬಾರ್ದು ಅನ್ನೋದು ನಮ್ಮ ರೂಲ್ಸು. ಗೇಟು ದಾಟಿ, ಕಬ್ಬಿನ ಹಾಲಿನ ಗಾಡಿ ದಾಟಿ, ರೋಡಿಗೆ ಬಂದಾಗ ಡರ್ರ್ ಅಂತು. ಧೂಳಲ್ಲಿ ನಿಂತು ನಮ್ಮನೆಯವ್ರ ಪಾಲಿಂದೂ ಸೇರಿಸಿ ಚಪ್ಪಾಳೆ ತಟ್ಟಿದೆ. ಡ್ರೈವರು ಮಾತ್ರ ವಾಪಸ್ ಬರ್ಲಿಲ್ಲ. ಮತ್ತೆ ನಮ್ಮ ಕೈಗೆ ಸಿಕ್ಕಬಾರ್ದು ಅಂತ ಸೀದಾ ಮಂಡ್ಯದ ಕಡೆ ಹೊರಟೇಹೋದ.

ಮೈಕಲ್ಲಿ ಕರೆದದ್ದು

ಮೆಕ್ಯಾನಿಕ್ಕಿನ ಹೆಂಡ್ತಿ ನನ್ನ ಜೊತೇಲೇ ಬಂದ್ರು. ಖಾಲಿ ಕುರ್ಚಿ ನೋಡಿದ್ರು, ಟವೆಲ್ಲನ್ನ ಮಡಿಚಿ ನನ್ನ ತೊಡೆ ಮೇಲೆ ಇಟ್ಟು ಕೂತೇಬಿಟ್ರು. "ನಿಮ್ಮ ಯಜಮಾನ್ರು ಬಂದ್ರೆ ಎದ್ದೇಳ್ತೀನಿ ಬುಡಿ ಅಕ್ಕ. ಎಲ್ಲಿಗೆ ಹೋಗವ್ರೆ?"

"ಇಲ್ಲೇ ಎಲ್ಲೋ" ಅಂದೆ. ಮಳವಳ್ಳಿಯಿಂದ ನನ್ನ ಬಿಟ್ಟು ಮೊದಲ್ನೇ ಬಸ್ಸಿಗೇ ಬಂದ್ರು ಅಂತ ಬೆಳಗಿನ ಸುಳ್ಳನ್ನೇ ಇವ್ರಿಗೂ ಹೇಳಿದೆ.

ಊಟದ ಹೊತ್ತಾಯ್ತು. ನಾನು ಚಿತ್ರಾನ್ನದ ಡಬ್ಬಿ ತೆಗೀಲಿಲ್ಲ. ಅವ್ರಿಗೆ ತಡೀಲಿಲ್ಲ. "ಇರಿ, ಬಂದೆ" ಅಂತ ಎದ್ದೋದ್ರು. ಸ್ವಲ್ಪ ಹೊತ್ತಿಗೆ ಮೈಕು ಕಿರುಗುಟ್ಟಿತು.

"ಹೆಂಡ್ತಿನ ಬುಟ್ಟು ಒಬ್ರೇ ರೇಸಿಗೆ ಬಂದಿರೋ ಮಳವಳ್ಳಿ ಯಜಮಾನ್ರು ಎಲ್ಲಿದ್ರೂ ಕೂಡ್ಲೇ ಶಾಮಿಯಾನಕ್ಕೆ ಬರಬೇಕು! ನಿಮ್ಮ ಹೆಂಡ್ತಿ ಕಾಯ್ಕೊಂಡು ಕೂತವ್ರೆ! ಚಿತ್ರಾನ್ನ ಆರೋಯ್ತಾ ಅದೆ!"

ಹುಚ್ಚಿ ನಾನು, ಒಂದು ಗಳಿಗೆ ನಾನೂ ತಿರುಗಿ ನೋಡಿದೆ.

ನೋಡಿದ್ರೆ, ಒಬ್ರಲ್ಲ, ಮೂರು ಜನ ಯಜಮಾನ್ರು ಮೂರು ದಿಕ್ಕಿಂದ ಬಿದ್ದಂಬೀಳ ಓಡ್ಬರ್ತಾವ್ರೆ! ಮೂವರೂ ಮಳವಳ್ಳಿ ಕಡೆಯವ್ರೇ, ಮೂವರೂ ಮನೇಲಿ ಹೇಳ್ದೆ ಬಂದೋರೇ. ಒಬ್ರು ಅರ್ಧ ತಿಂದ ಬೋಂಡಾನ ಬೆನ್ನ ಹಿಂದೆ ಮುಚ್ಚಿಟ್ಕೊಂಡಿದ್ರು. ನನ್ನ ಮುಖ ನೋಡಿದ್ದೇ, "ಅಬ್ಬಾ, ನಮ್ಮೋಳಲ್ಲ!" ಅಂತ ಕೂತ್ಕೊಂಡು ಬೆವರು ಒರೆಸ್ಕೊಂಡ್ರು.

"ಇವ್ರಲ್ಲಿ ನಿಮ್ಮವ್ರು ಯಾರು ಅಕ್ಕ?" ಅಂದ್ರು ವಾಪಸ್ ಬಂದ ಮೆಕ್ಯಾನಿಕ್ಕಿನ ಹೆಂಡ್ತಿ.

"ಯಾರೂ ಅಲ್ಲ ಕಣಮ್ಮ. ನಮ್ಮವ್ರು ತೀರ್ಕೊಂಡು ವರ್ಷ ಆಯ್ತು."

ಹೇಳೇಬಿಟ್ಟೆ. ಆ ಹೆಂಗಸು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಬೋಂಡದ ಯಜಮಾನ್ರು ಕೆಮ್ಮಿ, ಮೆಲ್ಲಗೆ ಕೇಳಿದ್ರು, "ಅಂಗಾರೆ ತಾಯಿ, ಆ ಚಿತ್ರಾನ್ನ...?"

ನನಗೆ ನಗು ಬಂತು. ವರ್ಷದ ಮೇಲೆ ಬಂದ ನಗು, ನಿಲ್ಲಿಸೋಕೇ ಆಗ್ಲಿಲ್ಲ, ಕಣ್ಣಲ್ಲೂ ನೀರು. ಇಬ್ಬರಿಗೆ ಅಂತ ಮಾಡಿದ ಚಿತ್ರಾನ್ನನ ಐದು ಜನ ತಿಂದ್ವಿ.

ಸಂಜೆ ಮದ್ದೂರಲ್ಲಿ ಬಸ್ಸು ಹತ್ತಿದ್ರೆ, ಬೆಳಗಿನ ಅದೇ ಕಂಡಕ್ಟ್ರು. "ಮಳವಳ್ಳಿ. ಒಂದೇ, ಲೇಡೀಸು" ಅಂದೆ.

ಅವನು ಖಾಲಿ ಸೀಟು ನೋಡಿ, "ಏನಮ್ಮ, ಸಿಕ್ನಿಲ್ವಾ ಯಜಮಾನ್ರು?" ಅಂದ.

"ಮೂರು ಜನ ಸಿಕ್ಕಿದ್ರು ಕಣಪ್ಪ" ಅಂದೆ. "ನಮ್ಮವ್ರೊಬ್ರೇ ಸಿಕ್ನಿಲ್ಲ."