ಶೂನ್ಯ ಕಿಲೋಮೀಟರ್ ಊಟ

“ಇವತ್ತಿನಿಂದ ನಮ್ಮ ಅಡುಗೆಮನೆ ಭೂಮಿಗೆ ಭಾರವಲ್ಲ!” ಎಂದು ಶಿವರುದ್ರಯ್ಯ ತಾವೇ ಕಟ್ಟಿದ ಹೊಸ ಯಂತ್ರದ ಮುಸುಕನ್ನು ಸರಕ್ಕನೆ ಎಳೆದರು.

ಹೆಂಡತಿ ಗಂಗಾಂಬಿಕೆ ಎರಡು ಹೆಜ್ಜೆ ಹಿಂದೆ ಸರಿದಳು. ತುಮಕೂರಿನ ಪಾಲಿಟೆಕ್ನಿಕ್‌ನಿಂದ ಗಂಡ ನಿವೃತ್ತರಾದ ಮೇಲೆ ಮನೆಯಲ್ಲಿ ಏನೇ ಗುಂಯ್ ಎಂದರೂ ಆಕೆಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಈ ಸಲದ್ದಕ್ಕೆ ನಾಲ್ಕು ಉಕ್ಕಿನ ಕೈ, ಒಂದು ಕೆಂಪು ಕಣ್ಣು, ಸಾಲದ್ದಕ್ಕೆ ಮಾತು ಬೇರೆ!

“ದೂರದಿಂದ ಬಂದ ಊಟ ಅಂದ್ರೆ ಬರೀ ಲಾರಿ ಹೊಗೆ ಕಣೇ. ಹತ್ತಿರ ಬೆಳೆದದ್ದನ್ನ ಇದು ತೊಳೆದು ಬೇಯಿಸತ್ತೆ. ದೂರದ್ದನ್ನ ಎಸೆಯತ್ತೆ!”

ಹಿತ್ತಲಿನ ಬದನೆಕಾಯಿಯನ್ನು ಅದರ ಕಣ್ಣಿಗೆ ಹಿಡಿದರು.

“ಹನ್ನೆರಡು ಅಡಿ. ಉತ್ತಮ!” ಯಂತ್ರ ತೊಳೆದು, ಹೆಚ್ಚಿ, ಬಾಣಲೆಗೆ ಹಾಕಿತು. ಶಿವರುದ್ರಯ್ಯ ಹಿಗ್ಗಿ ಹೀರೇಕಾಯಿಯಾದರು.

ಮರುಗಳಿಗೆಯೇ ಅದು ಕಪಾಟಿನ ಬಾಗಿಲನ್ನು ತಾನಾಗಿ ತೆರೆಯಿತು. ಅಣಬೆ ಡಬ್ಬಿ, ಹಾಲಿನ ಪುಡಿಯ ಡಬ್ಬಿ, ರಸಗುಲ್ಲಾ ಡಬ್ಬಿ ಒಂದರ ಹಿಂದೊಂದು ಹಾರಿಬಂದು ಗೋಡೆಗೆ ಬಡಿದವು.

“ಅಯ್ಯೋ, ನಿಲ್ಲಿಸ್ರೀ!”

“ಗುಂಡಿ ಒತ್ತುತ್ತಲೇ ಇದ್ದೀನಿ ಕಣೇ... ಕೇಳ್ತಾ ಇಲ್ಲ.” ಗಂಡನ ದನಿ ಸಣ್ಣಗಾಗಿತ್ತು.

ಕಪಾಟು ಬರಿದಾಯಿತು. ಕೆಂಪು ಕಣ್ಣು ಮೆಲ್ಲಗೆ ಇತ್ತ ತಿರುಗಿತು. ಉಕ್ಕಿನ ಬೆರಳುಗಳು ಗಂಗಾಂಬಿಕೆಯ ಮುಂಗೈಯನ್ನು ಹಿಡಿದವು.

“ಬೆಳೆದದ್ದೆಲ್ಲಿ?”

“ಅ... ಅರಸೀಕೆರೆ.”

“ತೊಂಬತ್ತು ಕಿಲೋಮೀಟರ್. ಬೇಡ.”

ಹಿಡಿತ ಸಡಿಲವಾಯಿತು. ಆಕೆ ಗೋಡೆಗೆ ಒರಗಿ ಉಸಿರು ಬಿಡುವಷ್ಟರಲ್ಲಿ ಅದು ಶಿವರುದ್ರಯ್ಯನವರನ್ನು ಕೇಳಿತು. ಪುಣ್ಯಾತ್ಮರು ಎದೆಯುಬ್ಬಿಸಿ, “ನಾನು ಹುಟ್ಟಿ ಬೆಳೆದದ್ದು ಇದೇ ಮನೇಲಿ!” ಎಂದುಬಿಟ್ಟರು.

“ಶೂನ್ಯ ಕಿಲೋಮೀಟರ್. ಅತ್ಯುತ್ತಮ!”

ನೋಡನೋಡುತ್ತಿದ್ದಂತೆ ಅವರು ತಲೆಕೆಳಗಾಗಿ ತೂಗಾಡುತ್ತಿದ್ದರು. ಒಂದು ಕೈ ಉಪ್ಪು ಸವರಿತು, ಇನ್ನೊಂದು ಅರಿಸಿನ. ಯಂತ್ರ ಬಚ್ಚಲುಮನೆಯ ಕಡೆ ಉರುಳಿತು. ಅಲ್ಲಿ ಭಾನುವಾರದ ಎಣ್ಣೆಸ್ನಾನಕ್ಕೆ ಹಂಡೆ ತುಂಬ ನೀರು ಕೊತಕೊತ ಕುದಿಯುತ್ತಿತ್ತು!

“ಗಂಗಾ! ಕಾಪಾಡೇ!”

“ಪ್ಲಗ್ ಎಲ್ಲಿ ರೀ?”

“ಪ್ಲಗ್ಗೇ ಇಲ್ಲ! ಸೌರಶಕ್ತಿ! ಪರಿಸರಸ್ನೇಹಿ!”

ಆಕೆ ಪೊರಕೆಯಿಂದ ಬಾರಿಸಿದಳು. ಯಂತ್ರ ಪೊರಕೆಯನ್ನೇ ಮುರಿದೆಸೆಯಿತು. ಆವಿ ಗಂಡನ ಬೋಳುತಲೆಗೆ ತಾಗುತ್ತಿತ್ತು. ಆಕೆಗೆ ಅಳು ಒತ್ತರಿಸಿ ಬಂತು. ಅಲ್ಲಿಗೂ ಉರುಳಿ ಬಂದಿದ್ದ ಅಣಬೆ ಡಬ್ಬಿ ಕಾಲಿಗೆ ತೊಡರಿತು. ಏನು ಹೊಳೆಯಿತೋ, ಅದರ ಚೀಟಿಯನ್ನು ಪರ್ರನೆ ಕಿತ್ತು, ಹಂಡೆಯ ಮೇಲೆಯೇ ಬಾಗಿ ಆ ಬೋಳುತಲೆಗೆ ಪಟ್ಟನೆ ಅಂಟಿಸಿದಳು.

ಕೆಂಪು ಕಣ್ಣು ಚೀಟಿಯನ್ನು ಓದಿತು. “ಅಣಬೆ. ಎರಡು ಸಾವಿರ ಕಿಲೋಮೀಟರ್. ಅವಧಿ ಮುಗಿದಿದೆ.”

ಶಿವರುದ್ರಯ್ಯ ಕಿಟಕಿಯಿಂದ ಹೊರಗೆ ಹಾರಿ ಹಿತ್ತಲಿನ ಗೊಬ್ಬರದ ಗುಂಡಿಗೆ ದೊಪ್ಪನೆ ಬಿದ್ದರು. ಯಂತ್ರ ನಾಲ್ಕೂ ಕೈ ತೊಳೆದುಕೊಂಡು ಸುಮ್ಮನೆ ನಿಂತಿತು.

ಗಂಗಾಂಬಿಕೆ ಓಡಿಬಂದು ಇಣುಕಿದಳು. ಕೊಳೆತ ಸಿಪ್ಪೆಗಳ ನಡುವಿನಿಂದ ತಲೆ ಮೇಲೆ ಬಂತು.

“ಯಂತ್ರಕ್ಕೆ ಏನೂ ಆಗಿಲ್ಲ ತಾನೆ?”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅದಕ್ಕೇನು ರೋಗ? ಇವತ್ತು ಮೊದಲನೇ ಸಲ ಸರಿಯಾಗಿ ವಿಂಗಡಿಸಿದೆ.”