ಜಂಬುನಾಥನ ಆರಡಿ ನೀರು

ಸಿರುಗುಪ್ಪ ರಸ್ತೆಯ ಸಣ್ಣ ವಿಮಾನ ನಿಲ್ದಾಣದ ಮಳೆನೀರಿನ ಹೊಂಡದಲ್ಲಿ ಆರಡಿ ನೀರಿದೆ ಎಂದು ಜಂಬುನಾಥ ವರ್ಷವಿಡೀ ದಿನಾ ಬರೆದು ಸಹಿ ಹಾಕುತ್ತಿದ್ದ. ಸಿಮೆಂಟಿನ ಆ ಹೊಂಡದಲ್ಲಿ ಇದ್ದದ್ದು ಧೂಳು ಮತ್ತು ಯಾರದೋ ಒಂಟಿ ಚಪ್ಪಲಿ. ಯಾರು ಬಂದು ನೋಡುತ್ತಾರೆ ಎಂಬ ಮೊಂಡು ಧೈರ್ಯ.

ಆ ಧೈರ್ಯ ಇವತ್ತು ಬೆಳಿಗ್ಗೆ ಆರಕ್ಕೆ ಇಳಿದುಹೋಯಿತು.

"ಹನ್ನೊಂದರ ವಿಮಾನದಾಗ ಹೈದರಾಬಾದಿನಿಂದ ಪರಿಸರ ಇಲಾಖೆ ಶೈಲಜಾ ಮೇಡಂ ಬರ್ತಾರ," ಎಂದರು ಮ್ಯಾನೇಜರ್ ಸಂಗಮೇಶ್. "ಮೊದಲು ಹೊಂಡ ನೋಡ್ತಾರಂತ. ಆರಡಿ ಐತಲ್ಲ?"

"ಐ... ಐತ್ರೀ ಸಾರ್."

"ಸುಳ್ಳಾದ್ರ ಸಂಜಿಗೆ ನಿನ್ನ ಕೆಲಸ ಇರಂಗಿಲ್ಲ ನೋಡು."

ಜಂಬುನಾಥನದು ಮೊದಲೇ ಗುತ್ತಿಗೆ ಕೆಲಸ, ಹೋದರೆ ಹೋದಂತೆಯೇ. ಓಡಿಹೋಗಿ ಕ್ಯಾಂಟೀನಿನ ಸಾವಂತ್ರಮ್ಮನ ಮುಂದೆ ಬಾಯಿಬಿಟ್ಟ. ಸಾವಂತ್ರಮ್ಮನ ಹತ್ತಿರ ಮಿರ್ಚಿ ಖಾಲಿಯಾಗಬಹುದು, ಸಲಹೆ ಖಾಲಿಯಾಗುವುದಿಲ್ಲ.

"ಅಷ್ಟಕ್ಕ ಅಳ್ತಾರೇನೋ? ನಮ್ಮ ದೇಶನೂರಿನ ಗಾದೆಪ್ಪನ್ನ ಕರಿ. ನಾಕು ಟ್ಯಾಂಕರ್ ಇಟ್ಟಾನ."

ಹತ್ತು ಗಂಟೆಗೆ ಟ್ಯಾಂಕರುಗಳು ಹಿಂದಿನ ಗೇಟಿನಿಂದ ಬಂದವು. ಹೊಂಡದಲ್ಲಿ ಮೊಣಕಾಲುದ್ದ ನೀರು ನಿಂತಿತು. ದೂರದಿಂದ ನೋಡಿದರೆ ಸಮುದ್ರ. ಜಂಬುನಾಥ ಕೈಮುಗಿದ.

"ಬೋರಿನ ನೀರು ಯಾಕ ಹಾಳು ಮಾಡಬೇಕಂತ ಗದ್ದಿ ಬಸಿಗಾಲುವಿಗೇ ಪೈಪ್ ಹಾಕಿದ್ನಿ," ಎಂದ ಗಾದೆಪ್ಪ ಹೆಮ್ಮೆಯಿಂದ. "ನೋಡಪಾ, ಮೀನೂ ಬಂದಾವು! ಕಪ್ಪಿ ಅಂತೂ ಪುಕ್ಕಟೆ!"

ಮೀನಿನ ಸುದ್ದಿ ಹೊಂಡದಿಂದ ಯಾರು ಮುಟ್ಟಿಸಿದರೋ, ಅರ್ಧ ಗಂಟೆಯಲ್ಲಿ ಸುತ್ತಲಿನ ಗದ್ದೆಗಳ ಕೊಕ್ಕರೆಗಳೆಲ್ಲ ಬಂದಿಳಿದವು. ಹತ್ತು, ಐವತ್ತು, ಇನ್ನೂರು. ಮದುವೆ ಮನೆಯ ಮೊದಲ ಪಂಕ್ತಿಯಂತೆ ಒತ್ತೊತ್ತಾಗಿ ಕೂತವು.

ಅಷ್ಟರಲ್ಲಿ ಮೇಲೆ ವಿಮಾನದ ಸದ್ದು.

ಸಾವಂತ್ರಮ್ಮ ತಟ್ಟೆ ಬಡಿಯತೊಡಗಿದಳು. ಜೋಳದ ಹೊಲ ಕಾಯುವವನಂತೆ ಜಂಬುನಾಥನೂ "ಹೋ... ಹೋ..." ಎಂದು ಕೂಗುತ್ತ ಓಡಿದ. ಕೊಕ್ಕರೆಗಳು ಒಮ್ಮೆಲೇ ಎದ್ದು, ಸಾಲಾಗಿ ಹೋಗಿ ರನ್‌ವೇ ಮೇಲೆ ಕೂತವು.

"ಒಂದು ಹಕ್ಕಿ ಇಂಜಿನ್‌ನ್ಯಾಗ ಹೋದ್ರ ಅಷ್ಟೂ ಮಂದಿ ಪ್ರಾಣ ಹೋಗತಾವಲೇ!" ಸಂಗಮೇಶ್ ಚೀರಿದರು.

ವಿಮಾನ ಒಂದು ಸುತ್ತು ಹಾಕಿತು. ಎರಡು ಸುತ್ತು. ಜಂಬುನಾಥ ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದ. ಕಣ್ಣು ಬಿಟ್ಟಾಗ ವಿಮಾನ ಹೈದರಾಬಾದಿನ ಕಡೆಗೆ ಚುಕ್ಕೆಯಾಗಿತ್ತು. ಮಂದಿ ಉಳಿದರು, ಮೇಡಂ ಇಳಿಯಲಿಲ್ಲ, ಸುಳ್ಳೂ ಉಳಿಯಿತು. ಖುಷಿಗೆ ಕಣ್ಣಲ್ಲಿ ನೀರೇ ಬಂತು.

ಮಧ್ಯಾಹ್ನ ಮೇಡಂ ಫೋನು. ಸಂಗಮೇಶ್ ಸ್ಪೀಕರ್ ಒತ್ತಿದರು.

"ಮೇಲಿನಿಂದಲೇ ನೋಡಿದೆ! ತುಂಬಿದ ಹೊಂಡ, ನೂರಾರು ಹಕ್ಕಿಗಳು! ಹೊಂಡ ನೋಡಿಕೊಳ್ಳುವವರು ಯಾರು?"

"ಜಂಬುನಾಥ ಅಂತ್ರೀ ಮೇಡಂ."

"ಅವರಿಗೊಂದು ಪ್ರಶಂಸಾಪತ್ರ ಕಳಿಸ್ತೀನಿ. ಆದರೆ ಹಕ್ಕಿಗಳು ಇಷ್ಟು ನೆಲೆ ನಿಂತ ಕಡೆ ವಿಮಾನ ಇಳಿಸೋ ಹಾಗಿಲ್ಲ. ನಾಳೆಯಿಂದ ನಿಲ್ದಾಣ ಬಂದ್. ಆದೇಶ ಹೊರಟಿದೆ."

ಜಂಬುನಾಥ ಬಾಯಿ ತೆರೆದ. ನಿಜ ಹೇಳಿದರೆ ತನ್ನೊಬ್ಬನ ಕೆಲಸ ಹೋಗುತ್ತದೆ, ಹೇಳದಿದ್ದರೆ ಎಲ್ಲರದೂ. ಯಾವುದನ್ನು ಆರಿಸಿಕೊಂಡರೂ ತನ್ನದು ಹೋಗುವುದು ಖಚಿತ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಸಂಗಮೇಶ್ ಫೋನು ಕೆಳಗಿಟ್ಟು ಅವನ ಕಡೆ ತಿರುಗಿದರು.

"ಪ್ರಶಂಸಾಪತ್ರ ನಿನ್ನ ಮನಿಗೇ ಬರತೈತಿ," ಎಂದರು. "ಇಸ್ಕೊಳ್ಳಾಕ ಯಾರರ ಇರಬೇಕಲ್ಲ, ನೀನೂ ಮನಿಗೆ ನಡಿ."